ನೀಲಿ ಗುರುತಿನ ತಟ್ಟೆ

ಜಡಿಗೇನಹಳ್ಳಿ ಹೋಬಳಿ
9 ಡಿಸೆಂಬರ್ 2024

ಪ್ರೀತಿಯ ಹರ್ಷಿತಾ,

ನಿನಗೆ ಫೋನ್ ಮಾಡುತ್ತಲೇ ಇದ್ದೆ. ಸ್ವಿಚ್ ಆಫ್ ಅಂತಲೇ ಬರುತ್ತಿತ್ತು. ನಿನ್ನೆ ನಿನ್ನ ಯಜಮಾನರು ಗೋವಿಂದರಾಜು ಗೋಡೌನ್ ಪಾಳಿ ಮುಗಿಸಿ ಬರುವಾಗ ಸಿಕ್ಕಿದರು. “ಅವ್ಳು ಫೋನ್ ಮುಟ್ಟಲ್ಲ ಅಕ್ಕ. ಆಫ್ ಮಾಡಿ ಎತ್ತಿಟ್ಟವ್ಳೆ. ಕಾಗದ ಬೇಕಾದ್ರೆ ಹಾಕಿ” ಎಂದು ಬಾಶೆಟ್ಟಿಹಳ್ಳಿಯಲ್ಲಿರುವ ನಿನ್ನ ಅಕ್ಕ ರಮ್ಯಳ ಮನೆ ವಿಳಾಸ ಹೇಳಿದರು. ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ಪಾಠ ಬರೆಸುವ ಹಾಗೆ ಬರೆದರೆ ಬೇಸರ ಮಾಡಿಕೊಳ್ಳಬೇಡ.

ನಮ್ಮ ಪುಟ್ಟ ಲಿಖಿತ್ ಹೋಗಿ ತಿಂಗಳಾಗುತ್ತ ಬಂತು. ಮಣ್ಣು ಮಾಡಿದ ದಿನ ನಿಮ್ಮ ಹೊಲದವರೆಗೂ ಬಂದಿದ್ದೆ. ನಿನ್ನ ಎದುರಿಗೆ ನಿಲ್ಲಲು ಧೈರ್ಯ ಸಾಲದೆ ಬದುವಿನ ಮೇಲಿಂದಲೇ ವಾಪಸು ಹೋದೆ.

ಶಿಶುವಿಹಾರ ಅಂದಿನಿಂದ ಮುಚ್ಚಿದೆ. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ, ಬೆಳಗ್ಗೆ ಹೋಗಿ ಕಸ ಗುಡಿಸಿ ಬರುತ್ತೇನೆ. ಅವನ ಚೀಲ ಮೊಳೆಗೆ ನೇತುಹಾಕಿದ ಹಾಗೇ ಇದೆ. ಒಳಗೆ ಒಂದು ಜೊತೆ ಬಟ್ಟೆ, ಚಿಕ್ಕ ಚಾಪೆ, ಹಿಂಬದಿಗೆ ನೀನು ನೇಲ್ ಪಾಲಿಶ್‌ನಲ್ಲಿ ನೀಲಿ ಗುರುತು ಹಾಕಿದ ಸ್ಟೀಲ್ ತಟ್ಟೆ. ಕಡಲೆಕಾಯಿ ಒಂದು ಕಾಳು ಬಾಯಿಗೆ ಹೋದರೂ ಅವನಿಗೆ ಅಪಾಯ ಎಂದು ಹೊಸಕೋಟೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ನೀನೇ ಗೋಡೆಗೆ ಅಂಟಿಸಿದ್ದೆಯಲ್ಲ, ಅದನ್ನು ಕೀಳಲು ನನಗೆ ಮನಸ್ಸು ಬರುತ್ತಿಲ್ಲ.

ತಪ್ಪು ನನ್ನದೇ ಎಂದು ಸಮಿತಿಯವರಿಗೆ ಹೇಳಿದ್ದೇನೆ. ನಿನಗೂ ಅದನ್ನೇ ಹೇಳುತ್ತೇನೆ. ಟೀಚರ್ ಅಂತ ನನ್ನನ್ನು ನಂಬಿ ಬಿಟ್ಟುಹೋದ ಮಗು. ಬೇರೆ ಮಾತಿಲ್ಲ.

ಚೀಲವನ್ನು ಏನು ಮಾಡಲಿ, ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?

ಇಂತಿ ನಿನ್ನ
ಜ್ಯೋತಕ್ಕ


ಬಾಶೆಟ್ಟಿಹಳ್ಳಿ
2 ಜನವರಿ 2025

ಜ್ಯೋತಿಲಕ್ಷ್ಮಿ ಅವರಿಗೆ,

ನಿಮ್ಮ ಕಾಗದ ಬಂತು. ಚೀಲ ಅಲ್ಲೇ ಇರಲಿ.

ಉಣ್ಣುತ್ತಿದ್ದೇನೆ. ರಮ್ಯಕ್ಕ ಮುಂದೆ ತಂದಿಟ್ಟರೆ ಉಣ್ಣುತ್ತೇನೆ. ಇಲ್ಲೇ ಅವಳು ಕೆಲಸ ಮಾಡುವ ಗಾರ್ಮೆಂಟ್ಸ್‌ಗೆ ಸೇರಿದ್ದೇನೆ. ಅಲ್ಲಿ ಬೆಲ್ ಹೊಡೆದಾಗ ಡಬ್ಬಿ ತೆಗೆಯುತ್ತೇನೆ, ಮತ್ತೆ ಹೊಡೆದಾಗ ಮುಚ್ಚುತ್ತೇನೆ. ಹಸಿವು ಅಂತ ಏನೂ ಆಗುವುದಿಲ್ಲ. ಅಳುವೂ ಬರುವುದಿಲ್ಲ.

ತಪ್ಪು ನಿಮ್ಮದು ಅಂತ ಬರೆದಿದ್ದೀರಿ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಗೊತ್ತಾಗಬೇಕಾದದ್ದು ಒಂದೇ. ಊಟದ ಹೊತ್ತಿನಲ್ಲಿ ಅವನು ಬಾಗಿಲ ಹತ್ತಿರ, ಅವನ ಚಾಪೆಯ ಮೇಲೆ, ಅವನ ತಟ್ಟೆಯಲ್ಲಿ ನಾನು ಕಟ್ಟಿದ್ದನ್ನೇ ಉಣ್ಣಬೇಕು ಅಂತ ಹೇಳಿದ್ದೆ. ನೀವು ಹಾಗೇ ನೋಡಿಕೊಂಡಿರಿ. ನಾನು ಎರಡು ಸಲ ಹೇಳದೇ ಬಂದು ಕಿಟಕಿಯಿಂದ ಇಣುಕಿದ್ದೆ, ಆಗಲೂ ಅವನು ಬಾಗಿಲ ಹತ್ತಿರವೇ ಇದ್ದ. ಆದರೆ ಅವತ್ತು ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತಿದ್ದ ಅಂತ ಆಯಾ ಮುನಿಲಕ್ಷ್ಮಮ್ಮ ಆಸ್ಪತ್ರೆಯಲ್ಲಿ ಬಾಯಿತಪ್ಪಿ ಹೇಳಿದರು.

ಅವನನ್ನು ಪಂಕ್ತಿಯಲ್ಲಿ ಯಾಕೆ ಕೂರಿಸಿದಿರಿ?

ಹರ್ಷಿತ


ಜಡಿಗೇನಹಳ್ಳಿ ಹೋಬಳಿ
11 ಜನವರಿ 2025

ಹರ್ಷಿತ ಅವರಿಗೆ,

ನೀವು ಕೇಳಿದ್ದು ಸರಿ. ಅವತ್ತು ಅವನ ಚಾಪೆ ಒದ್ದೆಯಾಗಿತ್ತು. ಬೆಳಗ್ಗೆ ತೊಳೆದು ಹಾಕಿದ್ದೆ, ಒಣಗಿರಲಿಲ್ಲ. ಒಂದು ದಿನ ತಾನೇ ಎಂದು ಪಂಕ್ತಿಯ ಕೊನೆಯಲ್ಲಿ ಕೂರಿಸಿದೆ. ತಟ್ಟೆ ಅವನದೇ, ನೀವು ಕಟ್ಟಿದ್ದ ಮೊಸರನ್ನವೇ. ಉಳಿದವರಿಗೆ ಚಿತ್ರಾನ್ನ ಇತ್ತು.

ಆಮೇಲೆ ಆದದ್ದನ್ನು ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿ. ಪಕ್ಕದಲ್ಲಿದ್ದ ಮಗು ತನ್ನ ತಟ್ಟೆಯಿಂದ ಒಂದು ತುತ್ತು ಮಾಡಿ ಅವನ ಬಾಯಿಗೆ ಇಟ್ಟಿತು. ಮನೆಯಲ್ಲಿ ಅಮ್ಮಂದಿರು ಇಡುವ ಹಾಗೆ, “ಆ ಅನ್ನು” ಎಂದು ಹೇಳಿ. ಅವನು ಆ ಎಂದ. ಅದು ಯಾವ ಮಗು ಎಂದು ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ. ಆ ಮಗುವಿಗೆ ಅದು ನೆನಪೂ ಇಲ್ಲ, ಇರುವುದೂ ಬೇಡ.

ಮೊದಲು ಕೆಮ್ಮಿದ. ತುಟಿ ಕೆಂಪಾಯಿತು. ಕತ್ತಿನ ಮೇಲೆ ಗಂಧೆ ಎದ್ದು ಹೊಟ್ಟೆಯವರೆಗೂ ಇಳಿಯಿತು. ಮುನಿಲಕ್ಷ್ಮಮ್ಮ, “ಪಿತ್ತದ್ ಗಂಧೆ ಕಣಮ್ಮ, ಕಂಬ್ಳಿ ಹೊದ್ಸಿ ಉಜ್ಜುದ್ರೆ ಇಳ್ದೋಯ್ತದೆ” ಎಂದರು. ನಿಮ್ಮ ಮಾವ ಚಿಕ್ಕಬೀರಪ್ಪನವರು ಎಂದಿನ ಹಾಗೆ ಮೊಮ್ಮಗನನ್ನು ಕರೆದುಕೊಂಡು ಹೋಗಲು ಆಗಲೇ ಬಂದು ಜಗಲಿಯಲ್ಲಿ ಕೂತಿದ್ದರು. ಹೆಗಲ ಮೇಲಿನ ಕಂಬಳಿ ತೆಗೆದು ಮಗುವನ್ನು ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅದು ನಿಮಗೆ ಗೊತ್ತೇ ಇದೆ, ಆಸ್ಪತ್ರೆಗೆ ಅವನು ಬಂದದ್ದೇ ಆ ಕಂಬಳಿಯಲ್ಲಿ. ಅವರನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ. ಈ ಊರಿನ ಯಾವ ಮನೆಯಲ್ಲಾದರೂ ಗಂಧೆಗೆ ಮೊದಲು ಹುಡುಕುವುದು ಕಂಬಳಿಯನ್ನೇ.

ಗಂಧೆಯ ಜೊತೆ ಕೆಮ್ಮು, ವಾಂತಿ ಬಂದರೆ, ದನಿ ಒಡೆದರೆ ಕಾಯಬೇಡಿ, ಯಾರನ್ನೂ ಕೇಳಬೇಡಿ, ಮಗುವನ್ನು ಮಲಗಿಸಿಕೊಂಡೇ ಇಂಜೆಕ್ಷನ್ ಇರುವ ಕಡೆ ಓಡಿ ಎಂದು ಆ ಚೀಟಿಯಲ್ಲಿತ್ತು. ನಾನು ಅದನ್ನು ದಿನವೂ ನೋಡುತ್ತಿದ್ದೆ. “ಅಜ್ಜ” ಎಂದು ಅವನು ಕರೆದ ದನಿ ಅವನದಾಗಿರಲಿಲ್ಲ. ಆಗಲೂ ನಾನು ನಿಮಗೆ ಫೋನ್ ಮಾಡುತ್ತ ನಿಂತಿದ್ದೆ. ನೀವು ಆಗ ಹೋಗುತ್ತಿದ್ದ ಫ್ಯಾಕ್ಟರಿಯಲ್ಲಿ ನಿಮ್ಮ ಫೋನ್ ಲಾಕರಿನಲ್ಲಿ ಇರುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ತರಕಾರಿ ಗಾಡಿ ಸಿಕ್ಕಿ ಹತ್ತಿಸುವಷ್ಟರಲ್ಲಿ ಮಗು ಮೆತ್ತಗಾಗಿತ್ತು.

ಮಂಗಳವಾರ ಸಂಕ್ರಾಂತಿ. ಮುನಿಲಕ್ಷ್ಮಮ್ಮ ಈ ಸಲ ಎಳ್ಳಿಗೆ ಕಡಲೆಬೀಜ ಹಾಕಲಿಲ್ಲವಂತೆ.

ಜ್ಯೋತಿಲಕ್ಷ್ಮಿ


ಬಾಶೆಟ್ಟಿಹಳ್ಳಿ
23 ಫೆಬ್ರವರಿ 2025

ಜ್ಯೋತಿಲಕ್ಷ್ಮಿ ಅವರಿಗೆ,

ಬೇಗ ಬರೆಯಬೇಕು ಅಂದುಕೊಂಡಿರಲಿಲ್ಲ, ಬರೆಯಲೂ ಇಲ್ಲ.

ಚಾಪೆಯ ವಿಷಯ. ಅದನ್ನು ಪ್ರತಿ ಶನಿವಾರ ನಾನೇ ಮನೆಗೆ ತಂದು ತೊಳೆಯುತ್ತಿದ್ದೆ. ಶಿಶುವಿಹಾರದ ಬಕೆಟ್ಟಿಗೆ ಬೇರೆ ಪಾತ್ರೆಗಳ ಎಂಜಲು ಬಿದ್ದಿರುತ್ತದೆ, ಅಲ್ಲಿ ತೊಳೆಯಬೇಡಿ ಅಂತ ನಿಮಗೆ ಹೇಳಿದ್ದೆ. ನೀವು “ನಾನ್ಯಾಕೆ ತೊಳೀಲಿ, ನಂಗೇನ್ ಬೇರೆ ಕೆಲ್ಸ ಇಲ್ವಾ” ಅಂತ ನಕ್ಕಿದ್ದಿರಿ. ಅವತ್ತು ಬುಧವಾರ. ಚಾಪೆ ಒದ್ದೆಯಾಗಿರಲಿಲ್ಲ.

ಸಮಿತಿಯ ಆದಿನಾರಾಯಣಪ್ಪನವರು ಇಲ್ಲಿಗೇ ಬಂದಿದ್ದರು. ಟೀಚರ ನಿರ್ಲಕ್ಷ್ಯದಿಂದ ಹೀಗಾಯಿತು ಅಂತ ಟೈಪ್ ಮಾಡಿಸಿದ ಒಂದು ಹಾಳೆ ತಂದಿದ್ದರು. “ನೀನೊಂದ್ ಸೈನ್ ಹಾಕ್ಬಿಡಮ್ಮ, ಅವ್ರನ್ನ ತೆಗ್ದು ಬೇರೆಯವ್ರನ್ನ ಇಟ್ಕೊಂಡು ಬಾಗ್ಲು ತೆಗೀತೀವಿ, ಊರ್ ಮಕ್ಳು ಬೀದೀಲವೆ” ಅಂದರು. ರಮ್ಯಕ್ಕ ಕಾಫಿ ಕೊಟ್ಟಳು. ಹಾಳೆ ಟಿವಿಯ ಪಕ್ಕದಲ್ಲಿದೆ. ಸೈನ್ ಹಾಕಿಲ್ಲ. ಹಾಕಬಾರದು ಅಂತಲೂ ಅಲ್ಲ. ಸುಳ್ಳು ಹೇಳುವವರ ತಪ್ಪು ಯಾವುದು ಅಂತ ಗೊತ್ತಾಗದೆ ಸೈನ್ ಹಾಕುವುದು ಹೇಗೆ?

ಹೋದ ವಾರ ನನ್ನ ಲೈನಿಗೆ ಮಕ್ಕಳ ಅಂಗಿ ಬಂದವು. ಜೇಬು ಕೂರಿಸುವ ಕೆಲಸ ನನ್ನದು. ಮಕ್ಕಳ ಅಂಗಿಗೆ ಜೇಬು ಯಾಕೋ ಗೊತ್ತಿಲ್ಲ, ಅವರ ಹತ್ತಿರ ಇಡಲು ಏನಿರುತ್ತದೆ. ನಾನು ಕೂರಿಸುತ್ತಾ ಹೋದೆ. ಪಕ್ಕದ ಮಿಷನ್ನಿನ ರಮ್ಯಕ್ಕ ನನ್ನ ಕಡೆ ನೋಡಿ ನೋಡಿ ಅತ್ತಳು. ಸೂಪರ್‌ವೈಸರ್ ಅವಳನ್ನು ಹೊರಗೆ ಕಳಿಸಿದರು. ನನಗೆ ಏನೂ ಅನಿಸಲಿಲ್ಲ. ಬೆರಳು ಹೊಲಿದುಕೊಂಡರೂ ರಕ್ತ ನೋಡಿದ ಮೇಲೇ ಗೊತ್ತಾಗುತ್ತದೆ.

ಮತ್ತೆ ಕೇಳುತ್ತಿದ್ದೇನೆ.

ಹರ್ಷಿತ


ಜಡಿಗೇನಹಳ್ಳಿ ಹೋಬಳಿ
16 ಮಾರ್ಚ್ 2025

ಹರ್ಷಿತ ಅವರಿಗೆ,

ಸೈನ್ ಹಾಕಿಬಿಡಿ. ನನಗೆ ಬೇಜಾರಿಲ್ಲ. ಟೀಚರ್ ಕೆಲಸ ಬಿಟ್ಟರೆ ಬದುಕಲು ಬಾರದವಳೇನಲ್ಲ ನಾನು, ನಮ್ಮ ಮನೆಯಲ್ಲಿ ಎರಡು ಸೀಮೆ ಹಸು ಇವೆ.

ಚಾಪೆಯ ಮಾತು ಬಿಡಿ. ನನಗೆ ಬರೆಯಲು ಆಗುತ್ತಿಲ್ಲ.

ಒಂದು ವಿಷಯ ಹೇಳಬೇಕು. ಚೀಲ ಅಲ್ಲೇ ಇರಲಿ ಎಂದಿದ್ದಿರಿ. ಇದೆ. ಆದರೆ ಅದರೊಳಗಿನ ತಟ್ಟೆಯನ್ನು ಮೊನ್ನೆ ನಿಮ್ಮ ಮಾವ ಬಂದು ಕೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ, ಕೊಟ್ಟೆ. ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಹೆಗಲ ಮೇಲೆ ಕಂಬಳಿ ಇರಲಿಲ್ಲ. ನಿಮ್ಮನ್ನು ಕೇಳದೆ ಕೊಟ್ಟದ್ದು ತಪ್ಪಾಗಿದ್ದರೆ ಅದನ್ನೂ ನನ್ನ ತಲೆಗೇ ಕಟ್ಟಿ.

ಮಾವನವರ ಆರೋಗ್ಯ ಅಷ್ಟಕ್ಕಷ್ಟೇ. ಸಾಧ್ಯವಾದರೆ ಊರ ಕಡೆ ಒಮ್ಮೆ ಬನ್ನಿ.

ಜ್ಯೋತಿಲಕ್ಷ್ಮಿ


ಬಾಶೆಟ್ಟಿಹಳ್ಳಿ
13 ಏಪ್ರಿಲ್ 2025

ಜ್ಯೋತಕ್ಕ,

ಉತ್ತರ ಸಿಕ್ಕಿತು. ನೀವು ಕೊಡಲಿಲ್ಲ.

ಇವತ್ತು ಭಾನುವಾರ, ಇವರು ಬಂದಿದ್ದರು. ಮಾತಾಡುವುದಕ್ಕೆ ನಮ್ಮಿಬ್ಬರ ಹತ್ತಿರ ಈಗ ಏನೂ ಇಲ್ಲ, ಮಿಕ್ಸಿ ರಿಪೇರಿ ಬಗ್ಗೆ ಮಾತಾಡಿದೆವು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. “ಅಪ್ಪ ನಮ್ ಜೊತೆ ಉಣ್ಣಲ್ಲ ಈಗ. ಮಗೀನ್ ತಟ್ಟೆ ತಂದಿಟ್ಕೊಂಡವ್ರೆ. ಅಮ್ಮ ಅದ್ರಲ್ಲೇ ಹಾಕ್ಕೊಡ್ಬೇಕು. ಕೊಟ್ಗೆ ಮೆಟ್ಲು ಮೇಲೆ ಹೋಗ್ ಕೂತು ಒಬ್ರೇ ಉಣ್ತಾರೆ. ಚಿಕ್ ತಟ್ಟೆ, ಮುದ್ದೆನೇ ಹಿಡಿಯಲ್ಲ ಅದ್ರಾಗೆ.” ಅವರಿಗೆ ಅದು ಮಗುವಿನ ಮೇಲಿನ ಪ್ರೀತಿ ಅಂತ ಅನಿಸಿದೆ. ನನಗೆ ಅನಿಸಲಿಲ್ಲ.

ಆ ತಟ್ಟೆ ತಂದ ದಿನ ಮಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಬ್ಯಾರೆ ತಟ್ಟೆ ಯಾರಿಗ್ ಇಡ್ತಾರೆ ಗೊತ್ತೇನಮ್ಮ ನಿಂಗೆ” ಅಂದಿದ್ದರು. ನಾನು ನಕ್ಕು, “ಡಾಕ್ಟ್ರು ಹೇಳವ್ರೆ ಮಾವ, ಈಗ ಅದೆಲ್ಲ ಯಾರು ನೋಡ್ತಾರೆ” ಅಂದೆ. ಅವರು ಸುಮ್ಮನಾದರು. ನಮ್ಮ ಮನೆಯಲ್ಲಿ ಅವರು ಸುಮ್ಮನಾದರೆ ಒಪ್ಪಿದರು ಅಂತ ನಾವೆಲ್ಲ ತಿಳಿಯುತ್ತೇವೆ.

ನಾನು ಹೇಳಿದ್ದನ್ನು ನೀವು ಮೀರುವವರಲ್ಲ. ನಿಮ್ಮ ಕೈಯಲ್ಲಿ ಮೀರಿಸುವವರು ಆ ಊರಲ್ಲಿ ಒಬ್ಬರೇ, ಮಾವ. ಇಷ್ಟು ದಿನ ನನಗೆ ಅದು ಹೊಳೆಯಲಿಲ್ಲ. ಹೊಳೆದ ಮೇಲೆ ಸಿಟ್ಟು ಬರುತ್ತದೆ ಅಂತ ಕೂತು ಕಾದೆ. ಇವರ ಬಸ್ಸು ಹೋಯಿತು, ಕತ್ತಲಾಯಿತು. ಬರಲಿಲ್ಲ.

ಹೌದೋ ಅಲ್ಲವೋ ಅಷ್ಟು ಬರೆಯಿರಿ. ಮತ್ತೆ ನನ್ನನ್ನು ನೀವು ಅನ್ನಬೇಡಿ, ಸಮಿತಿಯವರ ಹಾಗೆ ಕೇಳಿಸುತ್ತದೆ.

ಹರ್ಷಿತ


ಜಡಿಗೇನಹಳ್ಳಿ ಹೋಬಳಿ
4 ಮೇ 2025

ಹರ್ಷಿತಾ,

ಹೌದು.

ಆ ಬುಧವಾರಕ್ಕೆ ಕೆಲವು ದಿನ ಮೊದಲು ಅವರು ಊಟದ ಹೊತ್ತಿಗೇ ಬಂದಿದ್ದರು. ಮಕ್ಕಳೆಲ್ಲ ಪಂಕ್ತಿಯಲ್ಲಿ ಗಲಾಟೆ ಮಾಡಿಕೊಂಡು ಉಣ್ಣುತ್ತಿದ್ದವು. ಇವನು ಬಾಗಿಲ ಹತ್ತಿರ ಒಬ್ಬನೇ, ಗೋಡೆ ನೋಡಿಕೊಂಡು. ಅಜ್ಜನನ್ನು ಕಂಡು, “ಅಜ್ಜ, ನಾನ್ ಅಲ್ಲಿ ಕೂರಂಗಿಲ್ಲ” ಎಂದ. ಬೇಜಾರಿನಲ್ಲಿ ಹೇಳಲಿಲ್ಲ ಕಣೆ, ಪದ್ಯ ಒಪ್ಪಿಸುವ ಹಾಗೆ ಹೇಳಿದ. ಮುದುಕರ ಮುಖ ಕಪ್ಪಾಯಿತು.

ನನ್ನನ್ನು ಹೊರಗೆ ಕರೆದರು. ಅವರು ಚಿಕ್ಕವರಿದ್ದಾಗ ಅಪ್ಪನ ಜೊತೆ ಯಾವುದೋ ದೊಡ್ಡ ಮನೆಯ ಮದುವೆಗೆ ಕಂಬಳಿ ಕೊಡಲು ಹೋಗಿದ್ದರಂತೆ. ಉಂಡು ಹೋಗಿ ಎಂದು ದನ ನೀರು ಕುಡಿಯುವ ಕಲ್ಲುಬಾನಿಯ ಪಕ್ಕದಲ್ಲಿ ಇಬ್ಬರಿಗೂ ಎಲೆ ಹಾಕಿದರಂತೆ. ಅವರಪ್ಪ ಉಂಡರಂತೆ, ಇವರು ಉಣ್ಣಲಿಲ್ಲವಂತೆ. “ಟೀಚರಮ್ಮ, ನಂಗೆ ಆದದ್ದು ಆಯ್ತು. ನನ್ ಮೊಮ್ಮಗ ಬಾಗ್ಲಲ್ಲಿ ಕೂತು ಉಣ್ಣಾದು ಬ್ಯಾಡ. ಅವ್ನ್ ತಟ್ಟೆ ಅವ್ನಿಗೇ ಇರ್ಲಿ, ಅವ್ನ್ ಅನ್ನ ಅವ್ನಿಗೇ ಇರ್ಲಿ, ಸಾಲ್ನಾಗೆ ಕೂರ್ಸಿ” ಎಂದು ಕೈ ಮುಗಿದರು. ಅಪ್ಪನ ವಯಸ್ಸಿನವರು. ನಾನು ಒಪ್ಪಿಕೊಂಡೆ. ಪಂಕ್ತಿಯ ಕೊನೆಯಲ್ಲಿ ಕೂರಿಸಿ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಲಿಖಿತ್‌ಗೆ ಖುಷಿಯೋ ಖುಷಿ, ಹೊಟ್ಟೆ ತುಂಬ ಉಣ್ಣುತ್ತಿದ್ದ. ಆ ದಿನ ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ.

ಈಗ ನೀನು ಕೇಳಬಹುದು, ಇದನ್ನು ಯಾಕೆ ಮುಚ್ಚಿಟ್ಟೆ, ಅವರು ಬೇಡ ಅಂದರಾ ಎಂದು. ಇಲ್ಲ. ಮಣ್ಣು ಮಾಡಿದ ಮಾರನೆಯ ದಿನವೇ ಬಂದು, “ನನ್ ಸೊಸೆಗೆ ಹೇಳ್ಬುಡಿ, ನಂಗೆ ಬಾಯ್ ಬರ್ತಿಲ್ಲ” ಎಂದರು. ತಟ್ಟೆ ಕೇಳಲು ಬಂದಾಗಲೂ ಕೇಳಿದ್ದು ಅದನ್ನೇ, ಹೇಳಿದ್ರಾ ಎಂದು. ಹೇಳಿದ್ದೀನಿ ಎಂದು ಸುಳ್ಳು ಹೇಳಿದೆ. ನಿನಗೆ ಹೇಳಿದರೆ ನೀನು ಆ ಮನೆಗೆ ಮತ್ತೆ ಕಾಲಿಡುವುದಿಲ್ಲ ಎಂದು ಹೆದರಿದೆ. ನೀನು ಗೊತ್ತಿದ್ದೇ ಊರಿಗೆ ಬರುತ್ತಿಲ್ಲ, ತಮ್ಮ ಮುಖ ನೋಡಲು ಇಷ್ಟವಿಲ್ಲ ಎಂದು ಅವರು ಇಷ್ಟು ದಿನವೂ ಅಂದುಕೊಂಡಿದ್ದಾರೆ. ಒಳ್ಳೆಯದು ಮಾಡಲು ಹೋಗಿ ನಾನು ಮಾಡಿದ ಕೆಲಸ ಇದು.

ಶಿಶುವಿಹಾರ ಮತ್ತೆ ತೆಗೆಯಬೇಕು ಎಂದು ಊರವರು ಒತ್ತಾಯ ಮಾಡುತ್ತಿದ್ದಾರೆ. ಹೊಸದಾಗಿ ಸೇರಲಿರುವ ಮೂರ್ತಿಯವರ ಮಗಳಿಗೂ ಕಡಲೆಕಾಯಿ ಆಗುವುದಿಲ್ಲವಂತೆ. ಅವಳಿಗೆ ಎಲ್ಲಿ ಚಾಪೆ ಹಾಕುತ್ತೀರಿ ಎಂದು ಅವಳ ತಾಯಿ ಕೇಳಿದರು. ನಾನು ಎಲ್ಲಿಯೂ ಹಾಕುವುದಿಲ್ಲ ಎಂದೆ. ನಮ್ಮ ಅಡುಗೆಮನೆಗೆ ಕಡಲೆಕಾಯಿಯೇ ಬರುವುದು ಬೇಡ, ಹುಟ್ಟುಹಬ್ಬಕ್ಕೆ ಹೊರಗಿನ ತಿಂಡಿಯೂ ಬೇಡ, ಕೈ ತೊಳೆದು ಎಲ್ಲರೂ ಒಂದೇ ಅನ್ನ ಉಣ್ಣಲಿ ಎಂದು ಸಮಿತಿಗೆ ಹೇಳಿದ್ದೇನೆ. ಇಂಜೆಕ್ಷನ್ ಯಾವ ಯಾವ ಆಸ್ಪತ್ರೆಯಲ್ಲಿದೆ ಎಂದು ಕೇಳಿಕೊಂಡು ಬಂದಿದ್ದೇನೆ. ಲಕ್ಷಣ ಕಂಡರೆ ಯಾರನ್ನೂ ಕೇಳದೆ ಹೊರಡಲು ಒಪ್ಪಿಗೆ ಇದ್ದರೆ ಮಾತ್ರ ಮಗುವನ್ನು ಬಿಡಿ ಎಂದು ತಾಯಂದಿರಿಗೂ ಹೇಳಿದೆ. ಮುಂದೆ ಟೀಚರ್ ಯಾರೇ ಆಗಲಿ, ಇಷ್ಟು ನಡೆಯಲಿ.

ಕಡಲೆಕಾಯನ್ನು ಹೊರಗಿಡುವುದು ಎಷ್ಟು ಸುಲಭವಿತ್ತು. ನಾವು ಮಗುವನ್ನು ಹೊರಗಿಟ್ಟೆವು.

ಜ್ಯೋತಕ್ಕ


ಬಾಶೆಟ್ಟಿಹಳ್ಳಿ
8 ಜೂನ್ 2025

ಜ್ಯೋತಕ್ಕ,

ನಿಮ್ಮ ಕಾಗದ ಮೇ ತಿಂಗಳಲ್ಲೇ ಬಂತು. ಕಡಲೆಕಾಯನ್ನೇ ಹೊರಗಿಡಬಹುದು ಅಂತ ನನಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಒಬ್ಬ ನನ್ನ ಮಗನಿಗೋಸ್ಕರ ಊರೆಲ್ಲ ಬಿಡಿ ಅಂತ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆದಿನಾರಾಯಣಪ್ಪನವರ ಹಾಳೆಯನ್ನು ಸೈನ್ ಹಾಕದೆ ವಾಪಸು ಕಳಿಸಿದೆ. ಅದರ ಹಿಂದೆ, ಟೀಚರನ್ನು ತೆಗೆಯಬೇಡಿ, ಅವರು ಹೇಳಿದ ಹಾಗೆ ಅಡುಗೆ ಮಾಡಿಸಿ ಅಂತ ಬರೆದೆ. ನಿಮ್ಮ ಮೇಲೆ ನನಗೆ ಏನೂ ಇಲ್ಲ ಅಂತ ಇದಕ್ಕೆ ಅರ್ಥವಲ್ಲ. ಏನಿದೆ ಅಂತ ನೋಡಿಕೊಳ್ಳುವಷ್ಟು ಇನ್ನೂ ಆಗಿಲ್ಲ. ಸುಳ್ಳು ಮಾತ್ರ ಇನ್ನು ಬೇಡ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ನಿಮ್ಮ ಕಡೆ ಬರಲಿಲ್ಲ. ನಾನು ಹೋದಾಗ ಅತ್ತೆ ಮುದ್ದೆ ಕಟ್ಟುತ್ತಿದ್ದರು. ನನ್ನನ್ನು ನೋಡಿ ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದುಕೊಂಡು ನಿಂತರು. ನೀಲಿ ಗುರುತಿನ ತಟ್ಟೆಗೆ ಅರ್ಧ ಮುದ್ದೆ ಹಾಕಿ, ಸಾರು ಬಿಟ್ಟು ನಾನೇ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ.

ಮಾವ ಮೆಟ್ಟಿಲ ಮೇಲೆ ಕೂತಿದ್ದರು. ತಟ್ಟೆ ಇಟ್ಟೆ. “ನಂಗೆ ಏಪ್ರಿಲಿಂದ ಗೊತ್ತು ಮಾವ. ಜ್ಯೋತಕ್ಕ ಅದ್ಕೆ ಮುಂಚೆ ಹೇಳಿರ್ಲಿಲ್ಲ” ಅಂದೆ. ಅವರು ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಹತ್ತಿರ ಎಳೆದುಕೊಂಡು, “ಅವ್ನು ಅಜ್ಜ ಅಂದ ಕಣಮ್ಮ. ದನಿ ಹೋಗಿತ್ತು. ನಾನು ನೆಗಡಿ ಅಂದ್ಕಂಡೆ” ಅಂದರು. ಅಷ್ಟೇ.

ಒಳಗೆ ಹೋದೆ. ಅತ್ತೆ ನನಗೂ ಒಂದು ತಟ್ಟೆಯಲ್ಲಿ ಮುದ್ದೆ ಇಟ್ಟಿದ್ದರು, ಇವರ ಪಕ್ಕದಲ್ಲಿ. ಅದನ್ನು ಎತ್ತಿಕೊಂಡು ಮತ್ತೆ ಕೊಟ್ಟಿಗೆಗೇ ಬಂದೆ. ಮಾವ ಎದ್ದು, “ಇಲ್ ಬ್ಯಾಡ, ಒಳೀಕ್ ಹೋಗಮ್ಮ” ಅಂದರು. ಅದೇ ಮೆಟ್ಟಿಲ ಮೇಲೆ ಕೂತೆ. ಅವರೂ ಕೂತರು. ಸಾರಿಗೆ ಉಪ್ಪು ಕಮ್ಮಿಯಿತ್ತು, ಹಾಗೇ ಉಂಡೆವು. ಅವರ ಅರ್ಧ ಮುದ್ದೆ ಬೇಗ ಮುಗಿಯಿತು. ನನ್ನದರಲ್ಲಿ ಮುರಿದು ಅವರ ತಟ್ಟೆಗೆ ಹಾಕಿದೆ. ಆ ಚಿಕ್ಕ ತಟ್ಟೆಯಿಂದ ಸಾರು ಚೆಲ್ಲಿತು.

ಉಂಡ ಮೇಲೆ ಎರಡು ತಟ್ಟೆಗಳನ್ನೂ ತೊಳೆದು ಒಳಗೆ ಉಳಿದವುಗಳ ಜೊತೆ ಜೋಡಿಸಿಟ್ಟೆ.

ಕ್ಷಮಿಸಿದೆಯಾ ಅಂತ ರಮ್ಯಕ್ಕ ರಾತ್ರಿ ಕೇಳಿದಳು. ನೀವೂ ಕೇಳುತ್ತೀರಿ. ನನಗೆ ಗೊತ್ತಿಲ್ಲ ಜ್ಯೋತಕ್ಕ. ಅವರ ಪಕ್ಕದಲ್ಲಿ ಯಾಕೆ ಕೂತೆ ಅಂತಲೂ ಗೊತ್ತಿಲ್ಲ. ನನಗೆ ಹಸಿವಾಗಿತ್ತು.

ಹರ್ಷಿತ